ದಾಸೋಹದ ಒಲೆ ಮತ್ತು ಉಷ್ಣಗತಿವಿಜ್ಞಾನದ ಮೂಲತತ್ತ್ವಗಳು

ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹಕ್ಕೆ ಹೆಸರಾದ ಕನ್ನಡ ನಾಡಿನ ಮಠಗಳಲ್ಲಿ ಪಾಠಶಾಲೆಯೂ ಪಾಕಶಾಲೆಯೂ ಅಕ್ಕಪಕ್ಕದಲ್ಲಿಯೇ ಬೆಳೆದುಬಂದಿವೆ. ಒಂದರಲ್ಲಿ ಅಧ್ಯಾಪಕರು ಕರಿಹಲಗೆಯ ಮೇಲೆ ಶಾಖದ ಸೂತ್ರಗಳನ್ನು ಬರೆದು ವಿವರಿಸುತ್ತಾರೆ. ಇನ್ನೊಂದರಲ್ಲಿ ಅವೇ ಸೂತ್ರಗಳು ಕೊಪ್ಪರಿಗೆಯ ಕೆಳಗೆ ಹಗಲಿರುಳೂ ದುಡಿಯುತ್ತಿರುತ್ತವೆ. ಆದರೆ ಇವೆರಡರ ನಡುವಣ ಗೋಡೆಯನ್ನು ದಾಟಿ ಅತ್ತಣ ಅರಿವನ್ನು ಇತ್ತ ತರುವ ಪ್ರಯತ್ನ ನಡೆಯುವುದು ಅಪರೂಪ. ವಿದ್ಯಾರ್ಥಿಯು ಉಷ್ಣಗತಿವಿಜ್ಞಾನವೆಂಬುದು ಪರೀಕ್ಷೆಗೆ ಬೇಕಾದ ಕಠಿಣ ವಿಷಯವೆಂದು ಬಗೆಯುತ್ತಾನೆ. ಅಡುಗೆಯವನು ಹೊಗೆ ಮತ್ತು ಸೌದೆಯ ಖರ್ಚು ಒಲೆಯ ಹಣೆಬರಹವೆಂದು ತಿಳಿಯುತ್ತಾನೆ. ಈ ಎರಡೂ ತಿಳಿವಳಿಕೆಗಳು ತಪ್ಪು ಎಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸೌದೆಯ ಬೆಲೆಯನ್ನು ಅರಿತ ಪರಂಪರೆ ಇದು. ರಾಜ್ಯಭೋಗವನ್ನು ತೊರೆದು ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆಯ ಹೊರೆಯನ್ನು ಹೊತ್ತು ಮಾರುವುದನ್ನೇ ಕಾಯಕವಾಗಿ ಮಾಡಿಕೊಂಡ ಮೋಳಿಗೆಯ ಮಾರಯ್ಯನ ಕಥೆಯನ್ನು ಕೇಳದವರಿಲ್ಲ. ಅಂತಹ ಒಂದು ಹೊರೆಯಲ್ಲಿ ಅಡಗಿರುವ ಶಕ್ತಿ ಎಷ್ಟು? ಅದರಲ್ಲಿ ಅನ್ನಕ್ಕೆ ಸಲ್ಲುವುದೆಷ್ಟು, ಗಾಳಿಗೆ ಹೋಗುವುದೆಷ್ಟು? ಹೋದದ್ದನ್ನು ಮರಳಿ ಪಡೆಯಬಹುದೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಉಷ್ಣಗತಿವಿಜ್ಞಾನದ ಮುಖ್ಯ ತತ್ತ್ವಗಳೆಲ್ಲವೂ ಒಂದೊಂದಾಗಿ ಕಣ್ಣೆದುರಿಗೆ ಬಂದು ನಿಲ್ಲುತ್ತವೆ.

ಶಾಖ ಮತ್ತು ಉಷ್ಣತೆ

ಮೊದಲು ಎರಡು ಪದಗಳ ಭೇದವನ್ನು ತಿಳಿಯುವುದು ಅವಶ್ಯ. ಉಷ್ಣತೆ ಎಂಬುದು ವಸ್ತುವೊಂದು ಎಷ್ಟು ಬಿಸಿಯಾಗಿದೆ ಎಂಬುದರ ಅಳತೆ. ಶಾಖವೆಂಬುದು ಹೆಚ್ಚು ಉಷ್ಣತೆಯ ವಸ್ತುವಿನಿಂದ ಕಡಿಮೆ ಉಷ್ಣತೆಯ ವಸ್ತುವಿಗೆ ಹರಿಯುವ ಶಕ್ತಿ. ಒಲೆಯಿಂದ ಸಿಡಿದ ಕಿಡಿಯ ಉಷ್ಣತೆ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು. ಆದರೂ ಕೈಮೇಲೆ ಬಿದ್ದ ಕಿಡಿ ಚುರುಕ್ಕೆಂದು ಆರಿಹೋಗುತ್ತದೆ, ಒಂದು ಸೌಟು ಕುದಿನೀರು ಬಿದ್ದರೆ ಬೊಬ್ಬೆಯೇಳುತ್ತದೆ. ಕಿಡಿಯಲ್ಲಿ ಉಷ್ಣತೆ ಅಧಿಕ, ಶಾಖ ಅಲ್ಪ. ನೀರಿನಲ್ಲಿ ಉಷ್ಣತೆ ಕಡಿಮೆಯಾದರೂ ಶಾಖ ವಿಪುಲ.

ಎರಡು ವಸ್ತುಗಳು ಮೂರನೆಯದೊಂದರೊಡನೆ ಉಷ್ಣ ಸಮತೋಲದಲ್ಲಿದ್ದರೆ ಅವು ಪರಸ್ಪರವೂ ಸಮತೋಲದಲ್ಲಿರುತ್ತವೆ. ಉಷ್ಣತಾಮಾಪಕದ ಬಳಕೆ ನಿಂತಿರುವುದು ಈ ಸರಳ ಸತ್ಯದ ಮೇಲೆ. ಇತರ ನಿಯಮಗಳು ರೂಪುಗೊಂಡು ಬಹುಕಾಲವಾದ ಮೇಲೆ ಇದರ ಮಹತ್ತ್ವ ಮನವರಿಕೆಯಾದುದರಿಂದ ಇದನ್ನು ಒಂದನೆಯದಕ್ಕೂ ಹಿಂದಿನ ‘ಸೊನ್ನೆಯ ನಿಯಮ’ ಎಂದು ಕರೆಯಲಾಯಿತು.

ಶಾಖವು ‘ಕ್ಯಾಲೊರಿಕ್’ ಎಂಬ ತೂಕವಿಲ್ಲದ ದ್ರವವೆಂದು ಹದಿನೆಂಟನೆಯ ಶತಮಾನದ ಯುರೋಪಿನ ಪಂಡಿತರು ನಂಬಿದ್ದರು. ಈ ನಂಬಿಕೆಗೆ ಬಲವಾದ ಪೆಟ್ಟು ಕೊಟ್ಟವನು ಕೌಂಟ್ ರಮ್‌ಫರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ (1753–1814). ಜರ್ಮನಿಯ ಮ್ಯೂನಿಕ್ ನಗರದಲ್ಲಿ ಫಿರಂಗಿಗಳ ನಳಿಗೆಯನ್ನು ಕೊರೆಯುವ ಕೆಲಸದ ಮೇಲ್ವಿಚಾರಣೆ ನಡೆಸುತ್ತಿದ್ದಾಗ, ಕೊರೆದಷ್ಟೂ ಶಾಖ ಹುಟ್ಟುತ್ತಲೇ ಇರುವುದನ್ನು ಅವನು ಗಮನಿಸಿದನು. ನಳಿಗೆಯನ್ನು ನೀರಿನಲ್ಲಿ ಮುಳುಗಿಸಿ, ಮೊಂಡಾದ ಕೊರೆಯುಳಿಯನ್ನು ಕುದುರೆಗಳ ಬಲದಿಂದ ತಿರುಗಿಸಲು, ಸುಮಾರು ಎರಡೂವರೆ ಗಂಟೆಗಳಲ್ಲಿ ಬೆಂಕಿಯ ಸಹಾಯವೇ ಇಲ್ಲದೆ ನೀರು ಕುದಿಯಿತು. ಎಷ್ಟು ತೆಗೆದರೂ ಬರಿದಾಗದ್ದು ದ್ರವ್ಯವಾಗಿರಲಾರದು, ಅದು ಚಲನೆಯೇ ಆಗಿರಬೇಕು ಎಂದು ಅವನು 1798ರಲ್ಲಿ ಪ್ರತಿಪಾದಿಸಿದನು.

ಇದೇ ರಮ್‌ಫರ್ಡನ ಇನ್ನೊಂದು ಮುಖವು ದಾಸೋಹದ ಪರಂಪರೆಯವರಿಗೆ ವಿಶೇಷವಾಗಿ ಪ್ರಿಯವಾಗತಕ್ಕದ್ದು. ಮ್ಯೂನಿಕ್ಕಿನಲ್ಲಿ ಅವನು ನಿರ್ಗತಿಕರಿಗಾಗಿ ದುಡಿಮೆಯ ಮನೆಯೊಂದನ್ನು ತೆರೆದು, ಅಲ್ಲಿ ಸಾಮೂಹಿಕ ಅಡುಗೆಯ ವ್ಯವಸ್ಥೆ ಮಾಡಿದನು. ಬಾರ್ಲಿ, ಬಟಾಣಿ, ಆಲೂಗಡ್ಡೆಗಳ ಗಂಜಿಯನ್ನು ಅಲ್ಪ ಖರ್ಚಿನಲ್ಲಿ ಬಹುಮಂದಿಗೆ ಒದಗಿಸಬೇಕಾದಾಗ, ತೆರೆದ ಬೆಂಕಿಯ ಬಹುಪಾಲು ಶಾಖ ಪಾತ್ರೆಗೆ ಮುಟ್ಟುವುದೇ ಇಲ್ಲವೆಂಬುದನ್ನು ಕಂಡು, ಬೆಂಕಿಯನ್ನು ಇಟ್ಟಿಗೆಯ ಗೂಡಿನೊಳಗೆ ಬಂಧಿಸಿ ಪಾತ್ರೆಯ ಸುತ್ತ ಹರಿಯಿಸುವ ಒಲೆಗಳನ್ನು ರಚಿಸಿದನು. ಕಾಯಕಕ್ಕೂ ದಾಸೋಹಕ್ಕೂ ವಿಜ್ಞಾನಕ್ಕೂ ಇರುವ ನಂಟಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಒಂದನೆಯ ನಿಯಮ: ಲೆಕ್ಕ ತಪ್ಪದ ಜಮಾಖರ್ಚು

ಚಲನೆ ಶಾಖವಾಗುವುದಾದರೆ ಎಷ್ಟು ಕೆಲಸಕ್ಕೆ ಎಷ್ಟು ಶಾಖ? ಇದನ್ನು ನಿಖರವಾಗಿ ಅಳೆದವನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದ ಮದ್ಯತಯಾರಕರ ಮನೆತನದಲ್ಲಿ ಹುಟ್ಟಿದ ಜೇಮ್ಸ್ ಜೂಲ್. ಭಾರವಾದ ತೂಕಗಳು ಕೆಳಗಿಳಿಯುವಾಗ ನೀರಿನೊಳಗಿನ ಹುಟ್ಟುಚಕ್ರವೊಂದು ತಿರುಗುವಂತೆ ಅವನು ಏರ್ಪಾಡು ಮಾಡಿದನು. 1840ರ ದಶಕದಲ್ಲಿ ವರ್ಷಗಟ್ಟಲೆ ನಡೆಸಿದ ಪ್ರಯೋಗಗಳ ಫಲವನ್ನು ಇಂದಿನ ಮಾನಗಳಲ್ಲಿ ಹೇಳುವುದಾದರೆ, 1 ಕಿಲೊಗ್ರಾಂ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4,186 ಜೂಲ್ ಶಕ್ತಿ ಬೇಕು. ಅಷ್ಟೇ ಶಕ್ತಿಯಿಂದ ಆ ನೀರನ್ನು ಸುಮಾರು 427 ಮೀಟರು ಎತ್ತರಕ್ಕೆ ಎತ್ತಬಹುದು. ನೀರನ್ನು ಒಂದು ಡಿಗ್ರಿ ಬೆಚ್ಚಗೆ ಮಾಡುವುದು ಎಷ್ಟು ದುಬಾರಿಯಾದ ಕಾರ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಜೋಗದ ಜಲಪಾತದ ಎತ್ತರ 253 ಮೀಟರು. ಅಷ್ಟೆತ್ತರದಿಂದ ಧುಮ್ಮಿಕ್ಕಿದ ನೀರಿನ ಶಕ್ತಿಯೆಲ್ಲವೂ ಅದರಲ್ಲಿಯೇ ಶಾಖವಾಗಿ ಉಳಿದರೂ ಉಷ್ಣತೆ ಏರುವುದು ಸುಮಾರು 0.6 ಡಿಗ್ರಿ ಮಾತ್ರ!

ಜೂಲನಿಗೂ ಮೊದಲೇ ಇದೇ ತತ್ತ್ವವನ್ನು ಬೇರೊಂದು ದಾರಿಯಿಂದ ಕಂಡವನು ಜರ್ಮನಿಯ ವೈದ್ಯ ರಾಬರ್ಟ್ ಮೇಯರ್. 1840ರಲ್ಲಿ ಹಡಗಿನ ವೈದ್ಯನಾಗಿ ಜಾವಾ ದ್ವೀಪಕ್ಕೆ ಹೋಗಿದ್ದಾಗ, ನಾವಿಕರ ಅಭಿಧಮನಿಯ ರಕ್ತವು ಎಂದಿಗಿಂತ ಕೆಂಪಾಗಿರುವುದನ್ನು ಅವನು ಕಂಡನು. ಬಿಸಿ ಹವೆಯಲ್ಲಿ ಮೈಯನ್ನು ಬೆಚ್ಚಗಿಡಲು ದೇಹವು ಕಡಿಮೆ ಆಹಾರವನ್ನು ದಹಿಸಿದರೆ ಸಾಕಾಗುವುದೆಂದು ತರ್ಕಿಸಿ, ಉಂಡ ಅನ್ನವೇ ಮೈಯ ಶಾಖವೂ ತೋಳಿನ ಕೆಲಸವೂ ಆಗುತ್ತದೆ ಎಂಬ ತೀರ್ಮಾನಕ್ಕೆ ಬಂದು 1842ರಲ್ಲಿ ಅದನ್ನು ಪ್ರಕಟಿಸಿದನು. ದಿನಕ್ಕೆ 2,000 ಕಿಲೊಕ್ಯಾಲೊರಿ ಆಹಾರವನ್ನು ಸೇವಿಸುವ ವ್ಯಕ್ತಿಯು ಸರಾಸರಿ 100 ವ್ಯಾಟಿನ ಒಂದು ವಿದ್ಯುದ್ದೀಪದಷ್ಟು ಶಾಖವನ್ನು ಸದಾ ಹೊರಸೂಸುತ್ತಿರುತ್ತಾನೆ. 40 ಜನರಿರುವ ಕೊಠಡಿಯ ಕಿಟಕಿಗಳನ್ನು ಮುಚ್ಚಿದರೆ ಸೆಕೆಯಾಗುವುದೇಕೆ ಎಂಬುದನ್ನು ಇನ್ನು ವಿವರಿಸಬೇಕಾಗಿಲ್ಲ.

ಈ ಎಲ್ಲ ಶೋಧನೆಗಳ ಸಾರವೇ ಉಷ್ಣಗತಿವಿಜ್ಞಾನದ ಒಂದನೆಯ ನಿಯಮ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶಪಡಿಸಲೂ ಆಗದು. ಅದು ರೂಪಾಂತರ ಹೊಂದುತ್ತದೆ, ಅಷ್ಟೆ. ವಸ್ತುವಿಗೆ ಕೊಟ್ಟ ಶಾಖದ ಒಂದು ಪಾಲು ಅದರ ಆಂತರಿಕ ಶಕ್ತಿಯನ್ನು ಹೆಚ್ಚಿಸುತ್ತದೆ, ಉಳಿದುದು ಆ ವಸ್ತು ಮಾಡುವ ಕೆಲಸವಾಗಿ ಹೊರಬೀಳುತ್ತದೆ. ಪ್ರಾಮಾಣಿಕ ಕರಣಿಕನು ಬರೆದ ಜಮಾಖರ್ಚಿನಂತೆ ಪ್ರಕೃತಿಯ ಈ ಲೆಕ್ಕದಲ್ಲಿ ಒಂದು ಕಾಸೂ ಕಾಣೆಯಾಗುವುದಿಲ್ಲ.

ನೂರು ಕಿಲೊ ಅಕ್ಕಿಯ ಲೆಕ್ಕ

ಈ ನಿಯಮವನ್ನು ಈಗ ದಾಸೋಹದ ಒಲೆಗೆ ಅನ್ವಯಿಸಿ ನೋಡಬಹುದು. ಸುಮಾರು 700 ಮಕ್ಕಳ ಒಂದು ಹೊತ್ತಿನ ಊಟಕ್ಕೆ 100 ಕಿಲೊ ಅಕ್ಕಿಯನ್ನು 200 ಕಿಲೊ ನೀರಿನಲ್ಲಿ ಬೇಯಿಸುವುದೆಂದು ಭಾವಿಸೋಣ. 25 ಡಿಗ್ರಿಯಲ್ಲಿರುವ ಇವುಗಳನ್ನು 100 ಡಿಗ್ರಿಗೆ ಏರಿಸಬೇಕು. ನೀರಿಗೆ 200 × 4.186 × 75, ಅಂದರೆ ಸುಮಾರು 62,800 ಕಿಲೊಜೂಲ್ ಬೇಕು. ಅಕ್ಕಿಯ ವಿಶಿಷ್ಟೋಷ್ಣ ನೀರಿಗಿಂತ ಕಡಿಮೆ, ಸುಮಾರು 1.8, ಆದುದರಿಂದ ಅಕ್ಕಿಗೆ ಸುಮಾರು 13,500 ಕಿಲೊಜೂಲ್. ಒಟ್ಟು ಸುಮಾರು 76,000 ಕಿಲೊಜೂಲ್. ಒಣಗಿದ ಸೌದೆಯ ಒಂದು ಕಿಲೊದಲ್ಲಿ ಸುಮಾರು 16,000 ಕಿಲೊಜೂಲ್ ಶಕ್ತಿಯಿದೆ. ಹಾಗಾದರೆ ಬೇಕಾದ ಸೌದೆ ಐದು ಕಿಲೊಗೂ ಕಡಿಮೆ!

ಈ ಉತ್ತರವನ್ನು ಕೇಳಿದ ಯಾವ ಅಡುಗೆಯವನೂ ನಗದಿರಲಾರನು. ಅವನ ಅನುಭವದಲ್ಲಿ ಅಷ್ಟು ಅನ್ನಕ್ಕೆ ಸೌದೆಯ ಹೊರೆಗಳೇ ಬೇಕು. ಲೆಕ್ಕವೂ ತಪ್ಪಲ್ಲ, ಅನುಭವವೂ ಸುಳ್ಳಲ್ಲ. ಎರಡರ ನಡುವಣ ಅಂತರವೇ ಈ ಪಾಠದ ತಿರುಳು.

ಮೊದಲನೆಯದಾಗಿ, ಅಡುಗೆಯ ವೇಳೆಯಲ್ಲಿ ನೀರು ಆವಿಯಾಗುತ್ತದೆ. ಕುದಿಯುವ ನೀರಿನ ಒಂದೊಂದು ಕಿಲೊವನ್ನೂ ಆವಿಯಾಗಿಸಲು 2,257 ಕಿಲೊಜೂಲ್ ಬೇಕು, ಇದನ್ನು ಗುಪ್ತೋಷ್ಣವೆನ್ನುತ್ತಾರೆ. ಹತ್ತರಲ್ಲಿ ಒಂದು ಪಾಲು, ಅಂದರೆ 20 ಕಿಲೊ ನೀರು ಆವಿಯಾದರೆ 45,000 ಕಿಲೊಜೂಲ್ ಅದರೊಡನೆ ಮೇಲೇರಿಹೋಗುತ್ತದೆ. ಒಟ್ಟು ಬೇಡಿಕೆ 1,21,000 ಕಿಲೊಜೂಲಿಗೆ ಏರಿತು. ಎರಡನೆಯದಾಗಿ, ಮೂರು ಕಲ್ಲುಗಳ ತೆರೆದ ಒಲೆಯಲ್ಲಿ ಸೌದೆಯ ಶಕ್ತಿಯ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಯೊಳಗೆ ಸೇರುತ್ತದೆ. ಆದುದರಿಂದ ಸುಡಬೇಕಾದ ಸೌದೆಯ ಶಕ್ತಿ 12,10,000 ಕಿಲೊಜೂಲ್. ಸೌದೆ ಸುಮಾರು 76 ಕಿಲೊ.

ಇದರೊಡನೆ ಇನ್ನೊಂದು ಅಂಕಿಯನ್ನು ಹೋಲಿಸಿ ನೋಡಬೇಕು. ನೂರು ಗ್ರಾಂ ಅಕ್ಕಿಯಲ್ಲಿ ಆಹಾರರೂಪವಾಗಿರುವ ಶಕ್ತಿ ಸುಮಾರು 350 ಕಿಲೊಕ್ಯಾಲೊರಿ. ನೂರು ಕಿಲೊ ಅಕ್ಕಿಯಲ್ಲಿ ಅದು ಸುಮಾರು 14,60,000 ಕಿಲೊಜೂಲ್. ಅಂದರೆ ಮಕ್ಕಳ ಹೊಟ್ಟೆ ಸೇರುವ ಅನ್ನದಲ್ಲಿ ಎಷ್ಟು ಶಕ್ತಿಯಿದೆಯೋ ಅದರ ಐದಾರಂಶದಷ್ಟನ್ನು, ಆರರಲ್ಲಿ ಐದು ಪಾಲನ್ನು, ಆ ಅನ್ನವನ್ನು ಬೇಯಿಸುವುದಕ್ಕಾಗಿಯೇ ಸುಡಲಾಯಿತು. ಅಕ್ಕಿಯನ್ನು ಕಾಳು ಕಾಳಾಗಿ ಲೆಕ್ಕವಿಡುವ ಉಗ್ರಾಣದಲ್ಲಿ ಸೌದೆಗೆ ಲೆಕ್ಕವಿಲ್ಲದಿರುವುದು ಯೋಚಿಸತಕ್ಕ ಸಂಗತಿ.

ಶಾಖ ಸಾಗುವ ಮೂರು ದಾರಿಗಳು

ಉಳಿದ ಒಂಬತ್ತು ಪಾಲು ಎಲ್ಲಿಗೆ ಹೋಯಿತು? ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ವಹನ, ಸಂವಹನ, ವಿಕಿರಣಗಳೆಂಬ ಮೂರು ಬಗೆಗಳನ್ನು ಪರಿಶೀಲಿಸಿದರೆ ಉತ್ತರ ದೊರೆಯುತ್ತದೆ.

ವಸ್ತುವಿನ ಕಣಗಳು ತಾವಿದ್ದಲ್ಲಿಯೇ ಇದ್ದು ಶಾಖವನ್ನು ನೆರೆಯ ಕಣಗಳಿಗೆ ದಾಟಿಸುವುದು ವಹನ. ತಾಮ್ರವು ಸ್ಟೇನ್‌ಲೆಸ್ ಉಕ್ಕಿಗಿಂತ ಸುಮಾರು 25 ಪಟ್ಟು, ಅಲ್ಯೂಮಿನಿಯಂ ಸುಮಾರು 15 ಪಟ್ಟು ಉತ್ತಮವಾಗಿ ಶಾಖವನ್ನು ಸಾಗಿಸುತ್ತವೆ. ತಾಮ್ರದ ಹಂಡೆಯಲ್ಲಿ ನೀರು ಕಾಯಿಸಿದ ಹಿರಿಯರ ಜಾಣ್ಮೆಗೆ ಇದೇ ಆಧಾರ. ಪಾತ್ರೆಯ ತಳದಲ್ಲಿ ದಪ್ಪವಾಗಿ ಕಟ್ಟಿದ ಮಸಿಯು ಶಾಖಕ್ಕೆ ಒಳ್ಳೆಯ ವಾಹಕವಲ್ಲ. ಅದನ್ನು ಉಜ್ಜಿ ತೆಗೆಯುವುದು ಶುಚಿತ್ವಕ್ಕೆ ಮಾತ್ರವಲ್ಲ, ಸೌದೆಯ ಉಳಿತಾಯಕ್ಕೂ ಅಗತ್ಯ.

ದ್ರವ ಅಥವಾ ಅನಿಲದ ಕಣಗಳು ತಾವೇ ಚಲಿಸಿ ಶಾಖವನ್ನು ಹೊತ್ತೊಯ್ಯುವುದು ಸಂವಹನ. ಕಾದ ನೀರು ಹಗುರವಾಗಿ ಮೇಲೇರಿ, ತಣ್ಣನೆಯ ನೀರು ತಳಕ್ಕಿಳಿಯುವುದರಿಂದಲೇ ಕೊಪ್ಪರಿಗೆಯ ನೀರೆಲ್ಲ ಬಿಸಿಯಾಗುತ್ತದೆ. ಆದರೆ ಇದೇ ಸಂವಹನವು ತೆರೆದ ಒಲೆಯಲ್ಲಿ ಶತ್ರುವೂ ಆಗುತ್ತದೆ. ಬೆಂಕಿಯಿಂದೆದ್ದ ಬಿಸಿ ಅನಿಲಗಳು ಪಾತ್ರೆಯ ತಳವನ್ನು ಒಮ್ಮೆ ಸವರಿ, ತಮ್ಮಲ್ಲಿನ ಶಾಖದ ಬಹುಭಾಗವನ್ನು ಕೊಡದೆಯೇ ಹಾರಿಹೋಗುತ್ತವೆ. ಬೀಸುವ ಗಾಳಿಯಂತೂ ಜ್ವಾಲೆಯನ್ನೇ ಪಾತ್ರೆಯಿಂದಾಚೆಗೆ ತಳ್ಳುತ್ತದೆ.

ಯಾವ ಮಾಧ್ಯಮದ ಹಂಗೂ ಇಲ್ಲದೆ ಶಾಖವು ಬೆಳಕಿನಂತೆ ಸಾಗುವುದು ವಿಕಿರಣ. ಸೂರ್ಯನ ಶಾಖ ಭೂಮಿಗೆ ತಲಪುವುದು ಹೀಗೆ. ವಿಕಿರಣವು ವಸ್ತುವಿನ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂಬುದನ್ನು ಸ್ಟೆಫಾನ್ 1879ರಲ್ಲಿ ಕಂಡುಹಿಡಿದನು. ಉಷ್ಣತೆ ಮೂರು ಪಟ್ಟಾದರೆ ವಿಕಿರಣ 81 ಪಟ್ಟು. ಕೆಂಡದ ಬದಿಯಲ್ಲಿ ಕುಳಿತ ಅಡುಗೆಯವನ ಮುಖ ಬೇಯುವುದು ಈ ಕಾರಣದಿಂದ. ಅವನ ಮುಖಕ್ಕೆ ರಾಚುವ ಪ್ರತಿಯೊಂದು ಕಿರಣವೂ ಅನ್ನಕ್ಕೆ ಸಲ್ಲಬೇಕಾಗಿದ್ದ ಶಾಖವೇ.

ಇವಲ್ಲದೆ ಹಸಿ ಸೌದೆಯಿಂದಾಗುವ ನಷ್ಟವೂ ಉಂಟು. ಅರ್ಧ ತೂಕ ನೀರೇ ಇರುವ ಒಂದು ಕಿಲೊ ಹಸಿ ಸೌದೆಯಲ್ಲಿ ಉರಿಯುವ ಭಾಗ ಅರ್ಧ ಕಿಲೊ. ಅದು ಕೊಡುವುದು ಸುಮಾರು 9,000 ಕಿಲೊಜೂಲ್. ಅದರೊಳಗಿನ ನೀರನ್ನು ಕಾಯಿಸಿ ಆವಿಯಾಗಿಸಲು ಸುಮಾರು 1,300 ಕಿಲೊಜೂಲ್ ವ್ಯಯವಾಗುತ್ತದೆ. ಏಳರಲ್ಲಿ ಒಂದು ಪಾಲು ಹೀಗೆ ಮೊದಲಿಗೇ ಕಳೆದುಹೋಗುವುದಲ್ಲದೆ, ಜ್ವಾಲೆ ತಣ್ಣಗಾಗಿ ದಹನ ಅಪೂರ್ಣವಾಗುತ್ತದೆ. ಕಣ್ಣುರಿಸುವ ಹೊಗೆಯೆಂದರೆ ಉರಿಯದೆ ಉಳಿದ ಇಂಧನವೇ. ಅಡುಗೆಯವರ ಕಣ್ಣು, ಶ್ವಾಸಕೋಶಗಳಿಗೆ ಕೇಡು ಮಾಡುವ ವಸ್ತುವೂ ಮಠದ ಬೊಕ್ಕಸಕ್ಕೆ ನಷ್ಟವುಂಟುಮಾಡುವ ವಸ್ತುವೂ ಒಂದೇ ಎಂಬುದನ್ನು ಮರೆಯಲಾಗದು.

ಕುದಿಯುವ ನೀರಿನ ಗುಟ್ಟು

ನೀರು ಕುದಿಯಲಾರಂಭಿಸಿದ ಮೇಲೆ ಉರಿಯನ್ನು ಇನ್ನಷ್ಟು ಹೆಚ್ಚಿಸಿದರೆ ಅನ್ನ ಬೇಗ ಬೇಯುವುದೆಂಬುದು ಬಹುಜನರ ನಂಬಿಕೆ. ಆದರೆ ಸಾಮಾನ್ಯ ವಾಯುಒತ್ತಡದಲ್ಲಿ ಕುದಿಯುವ ನೀರಿನ ಉಷ್ಣತೆ 100 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಹೆಚ್ಚಿಗೆ ಕೊಟ್ಟ ಶಾಖವೆಲ್ಲ ಗುಪ್ತೋಷ್ಣವಾಗಿ ಆವಿಯೊಡನೆ ಹೊರಟುಹೋಗುತ್ತದೆ. ಅಕ್ಕಿಗೆ ತಗಲುವ ಉಷ್ಣತೆ ಅಷ್ಟೇ. ಮೆಲ್ಲನೆ ಕುದಿಯುವ ನೀರೂ ಕೊತಕೊತನೆ ಕುದಿಯುವ ನೀರೂ ಅನ್ನವನ್ನು ಬೇಯಿಸುವ ವೇಗ ಹೆಚ್ಚುಕಡಿಮೆ ಒಂದೇ. ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಮುಚ್ಚಳ ಹಾಕಬೇಕೆನ್ನುವ ಅಜ್ಜಿಯರ ಮಾತು ಉಷ್ಣಗತಿವಿಜ್ಞಾನಕ್ಕೆ ಸಮ್ಮತವಾದುದೇ.

ಬೇಯುವ ವೇಗವನ್ನು ನಿಜವಾಗಿ ಹೆಚ್ಚಿಸಬೇಕಾದರೆ ಒತ್ತಡವನ್ನು ಹೆಚ್ಚಿಸಬೇಕು. ಪ್ರೆಷರ್ ಕುಕ್ಕರಿನಲ್ಲಿ ಒತ್ತಡವು ಹೊರಗಿನದರ ಸುಮಾರು ಎರಡು ಪಟ್ಟಾಗಿ, ನೀರು 120 ಡಿಗ್ರಿಯ ಸಮೀಪದಲ್ಲಿ ಕುದಿಯುತ್ತದೆ. ದೊಡ್ಡ ಪಾಕಶಾಲೆಗಳಲ್ಲಿ ಬಳಕೆಗೆ ಬಂದಿರುವ ಉಗಿಯ ಅಡುಗೆಯು ಗುಪ್ತೋಷ್ಣವನ್ನೇ ಸೇವಕನನ್ನಾಗಿ ಮಾಡಿಕೊಂಡಿದೆ. ಬಾಯ್ಲರಿನಿಂದ ಬಂದ ಉಗಿಯು ಪಾತ್ರೆಯಲ್ಲಿ ಮತ್ತೆ ನೀರಾಗುವಾಗ ಕಿಲೊ ಒಂದಕ್ಕೆ 2,257 ಕಿಲೊಜೂಲನ್ನು ಬಿಟ್ಟುಕೊಡುತ್ತದೆ. ಮೇಲಿನ ಉದಾಹರಣೆಯ 76,000 ಕಿಲೊಜೂಲನ್ನು ಒದಗಿಸಲು ಸುಮಾರು 34 ಕಿಲೊ ಉಗಿ ಸಾಕು. ಹೊಗೆ ಅಡುಗೆಯ ಕೋಣೆಗೆ ಬರುವುದಿಲ್ಲ, ಅನ್ನ ತಳ ಹಿಡಿಯುವುದೂ ಇಲ್ಲ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಇದೇ ತತ್ತ್ವದ ಇನ್ನೊಂದು ಮುಖ. ಅಲ್ಲಿ ಹೂಜಿಯ ಮೈಯಿಂದ ಜಿನುಗಿ ಆವಿಯಾಗುವ ನೀರು ತನಗೆ ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದಲೇ ಪಡೆಯುತ್ತದೆ.

ಎರಡನೆಯ ನಿಯಮ: ಯೋಗ್ಯತೆಯ ಕ್ಷಯ

ಒಂದನೆಯ ನಿಯಮದ ಪ್ರಕಾರ ಶಕ್ತಿಗೆ ನಾಶವಿಲ್ಲವೆಂದ ಮೇಲೆ ಉಳಿತಾಯದ ಚಿಂತೆ ಏಕೆ? ಒಲೆಯಿಂದ ಗಾಳಿಗೆ ಸೇರಿದ ಆ ಒಂಬತ್ತು ಪಾಲು ಶಾಖ ಎಲ್ಲಿಯೋ ಇದ್ದೇ ಇದೆಯಲ್ಲವೇ? ಇದೆ. ಆದರೆ ಅದು ಯಾವ ಕೆಲಸಕ್ಕೂ ಬಾರದ ಸ್ಥಿತಿಯಲ್ಲಿದೆ. ಇದನ್ನು ತಿಳಿಸುವುದೇ ಎರಡನೆಯ ನಿಯಮ. ಶಾಖವು ತಾನಾಗಿಯೇ ಬಿಸಿಯಿಂದ ತಂಪಿನತ್ತ ಹರಿಯುತ್ತದೆ. ತಂಪಿನಿಂದ ಬಿಸಿಯತ್ತ ತಾನಾಗಿ ಎಂದಿಗೂ ಹರಿಯದು. ಕಾದ ಹಾಲು ಇಟ್ಟಲ್ಲಿಯೇ ಆರುತ್ತದೆ. ಆರಿದ ಹಾಲು ಕೋಣೆಯ ಶಾಖವನ್ನು ಹೀರಿ ಮತ್ತೆ ಉಕ್ಕಿದ್ದನ್ನು ಕಂಡವರಿಲ್ಲ. ಹಾಗೆ ಉಕ್ಕಿದರೂ ಒಂದನೆಯ ನಿಯಮಕ್ಕೆ ಭಂಗವಿಲ್ಲ. ಆದರೆ ಎರಡನೆಯ ನಿಯಮ ಅದಕ್ಕೆ ಆಸ್ಪದ ಕೊಡುವುದಿಲ್ಲ.

ದಾನಿಗಳಿಗೂ ಮಠದ ಸೇವಕರಿಗೂ ಸುಪರಿಚಿತವಾದ ಒಂದು ಉಪಮಾನದಿಂದ ಇದನ್ನು ವಿಶದಪಡಿಸಬಹುದು. ಹತ್ತು ಸಾವಿರ ಮನೆಗಳಲ್ಲಿ ತಲಾ ನೂರು ರೂಪಾಯಿಗಳಿವೆಯೆಂದರೆ ನಾಡಿನಲ್ಲಿ ಹತ್ತು ಲಕ್ಷ ರೂಪಾಯಿಗಳಿವೆ ಎಂಬುದೇನೋ ದಿಟ. ಆದರೆ ಅಷ್ಟರಿಂದಲೇ ಶಾಲೆಯ ಕಟ್ಟಡ ಮೇಲೇಳುವುದಿಲ್ಲ. ಯಾರಾದರೂ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಅದನ್ನು ಒಂದೆಡೆ ಕೂಡಿಸಬೇಕು. ಹಾಗೆ ಕೂಡಿಸುವುದೇ ಒಂದು ದುಡಿಮೆ. ಚದುರುವುದು ಸಹಜವಾಗಿ ನಡೆಯುತ್ತದೆ, ಕೂಡಿಸುವುದಕ್ಕೆ ಶ್ರಮ ಬೇಕು. ಹೀಗೆ ಚದುರಿಹೋದುದರ ಅಳತೆಗೆ ಕ್ಲೌಸಿಯಸ್ ಎಂಬ ಜರ್ಮನ್ ವಿಜ್ಞಾನಿ 1865ರಲ್ಲಿ ‘ಎಂಟ್ರೊಪಿ’ ಎಂಬ ಹೆಸರನ್ನಿಟ್ಟನು. ಹೊರಗಿನ ಸಂಪರ್ಕವಿಲ್ಲದ ಯಾವ ವ್ಯವಸ್ಥೆಯಲ್ಲಿಯೂ ಎಂಟ್ರೊಪಿ ಕಡಿಮೆಯಾಗುವುದಿಲ್ಲ. ಶೀತಕ ಯಂತ್ರವು ತಂಪಿನಿಂದ ಶಾಖವನ್ನು ಹೊರಕ್ಕೆ ತಳ್ಳುವುದು ವಿದ್ಯುತ್ತಿನ ದುಡಿಮೆಯನ್ನು ತೆತ್ತು. ಮುಚ್ಚಿದ ಕೋಣೆಯಲ್ಲಿ ಅದರ ಬಾಗಿಲನ್ನು ತೆರೆದಿಟ್ಟರೆ ಕೋಣೆ ತಂಪಾಗುವ ಬದಲು ಬಿಸಿಯಾಗುತ್ತದೆ.

ಉಷ್ಣತೆಯ ಇಳಿಕೆಗೂ ಒಂದು ಎಲ್ಲೆಯುಂಟು. ಸೆಲ್ಸಿಯಸ್ ಸೊನ್ನೆಗಿಂತ 273.15 ಡಿಗ್ರಿ ಕೆಳಗಿರುವ ಈ ಎಲ್ಲೆಯೇ ನಿರಪೇಕ್ಷ ಶೂನ್ಯ. ಎಷ್ಟೇ ಹಂತಗಳಲ್ಲಿ ತಣಿಸಿದರೂ ಅದನ್ನು ಮುಟ್ಟಲಾಗದೆಂಬುದು, ನರ್ನ್‌ಸ್ಟ್ 1906ರಲ್ಲಿ ಅಡಿಪಾಯ ಹಾಕಿದ ಮೂರನೆಯ ನಿಯಮದ ತಾತ್ಪರ್ಯ.

ಶರಾವತಿ ಮತ್ತು ರಾಯಚೂರು

ಶಾಖವನ್ನೆಲ್ಲ ಕೆಲಸವಾಗಿ ಪರಿವರ್ತಿಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಮೊದಲು ಆಳವಾಗಿ ವಿಚಾರಿಸಿದವನು ಫ್ರಾನ್ಸಿನ ತರುಣ ಇಂಜಿನಿಯರ್ ಸಾದಿ ಕಾರ್ನೊ. ಉಗಿಯಂತ್ರಗಳನ್ನು ಕುರಿತು 1824ರಲ್ಲಿ ಅವನು ಪ್ರಕಟಿಸಿದ ಪುಟ್ಟ ಪುಸ್ತಕ ಆಗ ಯಾರ ಗಮನಕ್ಕೂ ಬರಲಿಲ್ಲವೆಂದೇ ಹೇಳಬೇಕು. 1832ರಲ್ಲಿ, 36ರ ವಯಸ್ಸಿನಲ್ಲಿ, ಅವನು ಕಾಲರಾ ಬೇನೆಗೆ ತುತ್ತಾದನು. ಅವನ ಸಿದ್ಧಾಂತದಂತೆ ಯಾವ ಉಷ್ಣಯಂತ್ರದ ದಕ್ಷತೆಗೂ ಒಂದು ಮಿತಿಯಿದೆ. ಆ ಮಿತಿ ನಿರ್ಧಾರವಾಗುವುದು ಶಾಖವನ್ನು ಪಡೆಯುವ ಮತ್ತು ಬಿಡುವ ಉಷ್ಣತೆಗಳೆರಡರಿಂದಲೇ. ಯಂತ್ರದ ನಿರ್ಮಾಣ ಎಷ್ಟೇ ಕುಶಲವಾಗಿದ್ದರೂ ಈ ಮಿತಿಯನ್ನು ದಾಟಲಾಗದು.

ಕರ್ನಾಟಕದ ಎರಡು ವಿದ್ಯುದಾಗಾರಗಳನ್ನು ಹೋಲಿಸಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶರಾವತಿಯ ನೀರು ಕೊಳವೆಗಳಲ್ಲಿ ಇಳಿದು ಚಕ್ರಗಳನ್ನು ತಿರುಗಿಸತೊಡಗಿತು. ಬೀಳುವ ನೀರಿನ ಶಕ್ತಿ ಒಂದೇ ದಿಕ್ಕಿನಲ್ಲಿ ಶಿಸ್ತಾಗಿ ಸಾಗುವ ಶಕ್ತಿ. ಇಂತಹ ಜಲಚಕ್ರಗಳು ಅದರ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಉಪಯುಕ್ತ ಕೆಲಸವಾಗಿಸಬಲ್ಲವು. ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಕಾರ್ಯಾರಂಭ ಮಾಡಿದ ರಾಯಚೂರು ಶಾಖೋತ್ಪನ್ನ ಕೇಂದ್ರದ್ದು ಬೇರೆಯೇ ಸ್ಥಿತಿ. ಅಲ್ಲಿರುವಂತಹ 210 ಮೆಗಾವ್ಯಾಟಿನ ಘಟಕಗಳಲ್ಲಿ ಉಗಿಯ ಉಷ್ಣತೆ ಸುಮಾರು 540 ಡಿಗ್ರಿ, ಅಂದರೆ 813 ಕೆಲ್ವಿನ್. ಬಿಡುವ ಉಷ್ಣತೆ 40 ಡಿಗ್ರಿ, ಅಂದರೆ 313 ಕೆಲ್ವಿನ್ ಎಂದಿಟ್ಟುಕೊಂಡರೆ ಕಾರ್ನೊ ಮಿತಿ ಶೇಕಡ 61ರ ಆಸುಪಾಸು. ಘರ್ಷಣೆ, ಹೊಗೆಕೊಳವೆಯ ನಷ್ಟ ಮೊದಲಾದವುಗಳಿಂದಾಗಿ ಈ ಬಗೆಯ ಘಟಕಗಳು ವಾಸ್ತವದಲ್ಲಿ ಕಲ್ಲಿದ್ದಲಿನ ಶಾಖದ ಮೂರರಲ್ಲಿ ಸುಮಾರು ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸುತ್ತವೆ. ಮಿಕ್ಕ ಎರಡು ಪಾಲು ತಣಿಸುವ ನೀರಿಗೂ ಆಕಾಶಕ್ಕೂ ಸೇರುತ್ತದೆ.

ಇಷ್ಟು ನಷ್ಟವನ್ನು ಸಹಿಸಿ ಪಡೆದ ವಿದ್ಯುತ್ತನ್ನು ಸ್ನಾನದ ನೀರು ಕಾಯಿಸಲು ಬಳಸುವುದು ಗಂಧದ ಕೊರಡನ್ನು ಒಲೆಗೆ ಒಡ್ಡಿದಂತೆ. 500 ವಿದ್ಯಾರ್ಥಿಗಳ ವಸತಿನಿಲಯದಲ್ಲಿ ತಲಾ 10 ಲೀಟರಿನಂತೆ 5,000 ಲೀಟರು ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 200 ಯೂನಿಟ್ ವಿದ್ಯುತ್ ಬೇಕು; ಅದಕ್ಕಾಗಿ ಎಲ್ಲಿಯೋ ಸುಮಾರು 600 ಯೂನಿಟ್‌ನಷ್ಟು ಶಾಖದ ಕಲ್ಲಿದ್ದಲು ಉರಿಯಬೇಕು. ಅದೇ ನೀರನ್ನು ಚಾವಣಿಯ ಮೇಲಿನ ಸೌರ ಜಲತಾಪಕವು ಬಿಸಿಲಿನಿಂದಲೇ ಕಾಯಿಸಬಲ್ಲದು. ನೂರು ಲೀಟರಿಗೆ ಸುಮಾರು ಎರಡು ಚದರ ಮೀಟರಿನ ಫಲಕ ಸಾಕು. ಕೀಳು ದರ್ಜೆಯ ಶಾಖ ಸಾಕಾಗುವ ಕಡೆ ಮೇಲು ದರ್ಜೆಯ ಶಕ್ತಿಯನ್ನು ವ್ಯಯಿಸಬಾರದೆಂಬುದು ಎರಡನೆಯ ನಿಯಮದ ನೀತಿ.

ಒಲೆಯ ಸುಧಾರಣೆ

ಈ ತತ್ತ್ವಗಳನ್ನು ಕನ್ನಡ ನಾಡಿನ ಒಲೆಗೆ ಅನ್ವಯಿಸಿದ ಪ್ರಯತ್ನವೊಂದು ಇಲ್ಲಿ ಸ್ಮರಣಾರ್ಹ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು 1980ರ ದಶಕದಲ್ಲಿ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಇದರಲ್ಲಿ ಬೆಂಕಿ ಎಲ್ಲ ಕಡೆಗಳಿಂದಲೂ ಮುಚ್ಚಿದ ಗೂಡಿನಲ್ಲಿರುತ್ತದೆ. ಆದುದರಿಂದ ವಿಕಿರಣ ಹೊರಗೆ ಸೋರುವುದಿಲ್ಲ. ಸೌದೆಯ ಕೆಳಗೆ ಕಂಬಿಗಳ ಜಾಳಿಗೆಯಿದ್ದು ಅದರ ಮೂಲಕ ಗಾಳಿ ಹಿತಮಿತವಾಗಿ ಬರುತ್ತದೆ, ದಹನ ಪೂರ್ಣವಾಗುತ್ತದೆ. ಬಿಸಿ ಅನಿಲಗಳು ಒಂದರ ನಂತರ ಒಂದರಂತೆ ಮೂರು ಪಾತ್ರೆಗಳನ್ನು ಸವರಿ, ಶಾಖವನ್ನು ಒಪ್ಪಿಸಿದ ಮೇಲೆಯೇ ಹೊಗೆಕೊಳವೆಯನ್ನು ಸೇರುತ್ತವೆ. ಇದರ ದಕ್ಷತೆ ಶೇಕಡ 30ಕ್ಕೂ ಮಿಗಿಲಾಯಿತು. ಇನ್ನೂರು ವರ್ಷಗಳ ಹಿಂದೆ ಮ್ಯೂನಿಕ್ಕಿನ ಬಡವರ ಅಡುಗೆಮನೆಯಲ್ಲಿ ಮೊಳೆತ ವಿಚಾರವೇ ಇಲ್ಲಿ ಹಳ್ಳಿಯ ಮಣ್ಣಿನಲ್ಲಿ ಹೊಸ ರೂಪ ತಾಳಿತೆನ್ನಬಹುದು.

ಹಿಂದಿನ ಲೆಕ್ಕಕ್ಕೆ ಮರಳಿದರೆ ಇದರ ಫಲ ಗೋಚರವಾಗುತ್ತದೆ. ಒಲೆಯ ದಕ್ಷತೆ ಶೇಕಡ 30 ಆಗಿ, ಮುಚ್ಚಳ ಮತ್ತು ಮಂದ ಉರಿಯಿಂದ ಆವಿಯಾಗುವ ನೀರು 20ರಿಂದ 5 ಕಿಲೊಗೆ ಇಳಿದರೆ, ಪಾತ್ರೆಗೆ ಬೇಕಾದುದು ಸುಮಾರು 87,300 ಕಿಲೊಜೂಲ್. ಸೌದೆ ಸುಮಾರು 18 ಕಿಲೊ. ಎಪ್ಪತ್ತಾರು ಎಲ್ಲಿ, ಹದಿನೆಂಟು ಎಲ್ಲಿ! ದಿನಕ್ಕೆ ಒಂದು ಹೊತ್ತಿನಂತೆ 200 ದಿನಗಳ ಶಾಲಾವರ್ಷಕ್ಕೆ ಉಳಿಯುವ ಸೌದೆ 11 ಟನ್ನಿಗೂ ಮಿಗಿಲು. ಅಡುಗೆ ಅನಿಲಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ಕಿಲೊ ಒಂದಕ್ಕೆ ಸುಮಾರು 46,000 ಕಿಲೊಜೂಲ್ ಕೊಡುವ ಅನಿಲವನ್ನು ಶೇಕಡ 60ರ ದಕ್ಷತೆಯ ಒಲೆಯಲ್ಲಿ ಉರಿಸಿದರೂ, ಮುಚ್ಚಳವೊಂದರಿಂದಲೇ ಪ್ರತಿ ನೂರು ಕಿಲೊ ಅಕ್ಕಿಗೆ ಒಂದು ಕಿಲೊಗೂ ಹೆಚ್ಚು ಅನಿಲ ಉಳಿಯುತ್ತದೆ.

ಅಧ್ಯಾಪಕರು ಈ ಪಾಠವನ್ನು ಪುಸ್ತಕದಲ್ಲಿಯೇ ಮುಗಿಸಬೇಕಾಗಿಲ್ಲ. ಒಂದೇ ಅಳತೆಯ ಎರಡು ಪಾತ್ರೆಗಳಲ್ಲಿ ಎರಡೆರಡು ಲೀಟರು ನೀರಿಟ್ಟು, ಒಂದಕ್ಕೆ ಮುಚ್ಚಳ ಹಾಕಿ, ಇನ್ನೊಂದನ್ನು ತೆರೆದಿಟ್ಟು, ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ ಬಿಟ್ಟು ಎರಡನ್ನೂ ತೂಗಿಸಬಹುದು. ಕಡಿಮೆಯಾದ ತೂಕವನ್ನು 2,257ರಿಂದ ಗುಣಿಸಿದರೆ ಆವಿಯೊಡನೆ ಹೋದ ಶಾಖದ ಲೆಕ್ಕ ವಿದ್ಯಾರ್ಥಿಗೆ ತಾನೇ ದೊರೆಯುತ್ತದೆ. ಪಾಕಶಾಲೆಗೆ ಬರುವ ಸೌದೆಯನ್ನು ಒಂದು ತಿಂಗಳು ತೂಗಿ, ಬೆಂದ ಅಕ್ಕಿಯ ತೂಕದೊಡನೆ ಹೋಲಿಸಿ ಬರೆದಿಟ್ಟರೆ, ಅದು ಯಾವ ಪ್ರಯೋಗಶಾಲೆಯ ವರದಿಗೂ ಕಡಿಮೆಯೆನಿಸದು.

ಕೂಡಿ ಹೇಳುವುದಾದರೆ, ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಒಂದನೆಯ ನಿಯಮ ಹೇಳುತ್ತದೆ. ಒಮ್ಮೆ ಚದುರಿದ ಶಕ್ತಿ ಹಿಂದಿನ ಯೋಗ್ಯತೆಯೊಡನೆ ತಾನಾಗಿ ಮರಳಿ ಬಾರದೆಂದು ಎರಡನೆಯದು ಎಚ್ಚರಿಸುತ್ತದೆ. ಮರವೊಂದು ವರ್ಷಗಟ್ಟಲೆ ಬಿಸಿಲನ್ನು ಕೂಡಿಸಿ ಕಟ್ಟಿದ ಹೊರೆ, ಒಲೆಯಲ್ಲಿ ಒಂದು ಗಳಿಗೆಯಲ್ಲಿ ಚದುರಿಹೋಗುತ್ತದೆ. ಆ ಗಳಿಗೆಯಲ್ಲಿ ಅದರ ಹತ್ತನೆಯ ಒಂದು ಪಾಲು ಅನ್ನವಾಗುವುದೋ, ಮೂರನೆಯ ಒಂದು ಪಾಲು ಅನ್ನವಾಗುವುದೋ ಎಂಬುದು ಮಾತ್ರ ಮನುಷ್ಯನ ಕೈಯಲ್ಲಿದೆ. ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿ ಗಂಡನು ಆಯ್ದು ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ನಾಡಿನಲ್ಲಿ, ಅಕ್ಕಿಗೆ ಸಂದ ಆ ಎಚ್ಚರ ಅದನ್ನು ಬೇಯಿಸುವ ಬೆಂಕಿಗೂ ಸಲ್ಲುವುದು ನ್ಯಾಯವಾಗಿದೆ.